ಉಳಿದ ಹೊತ್ತು ಯಾರದು?

ನಮ್ಮ ಮನೆಗಳಲ್ಲಿ ಜಮಖಾನ ಕೊಳೆಯಾದರೆ ಇಬ್ಬರು ನಾಲ್ಕು ಮೂಲೆ ಹಿಡಿದು ಕೊಡವುತ್ತೇವೆ, ಹಬ್ಬಕ್ಕೆ ಮುಂಚೆ ಒಗೆದು ಬಿಸಿಲಿಗೆ ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ನೆಲಕ್ಕೇ ಅಂಟಿಸಿದ ಕಾರ್ಪೆಟ್ಟನ್ನು ಯಾವ ಬಿಸಿಲಿಗೆ ಹಾಕುತ್ತೀರಿ? ಅದಕ್ಕೇ ಯಂತ್ರ ಬೇಕಾಯಿತು. ಬೆಂಗಳೂರಿನ ಒಂದು ತರಬೇತಿ ಕೇಂದ್ರದ ಅತಿಥಿಗೃಹದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದಾಗ ಅಂಥದೊಂದು ಬಂತು. ಎರಡು ಟ್ಯಾಂಕು, ಉದ್ದನೆಯ ಪೈಪು, ತುದಿಗೆ ಅಗಲ ಬಾಯಿಯ ಹಿಡಿಕೆ. ಒಂದು ಟ್ಯಾಂಕಿನ ಬಿಸಿನೀರನ್ನು ಒತ್ತಡದಿಂದ ಕಾರ್ಪೆಟ್ಟಿನೊಳಕ್ಕೆ ಚಿಮ್ಮಿಸಿ, ಕೂಡಲೇ ಕೊಳೆಯ ಸಮೇತ ಹೀರಿ ಇನ್ನೊಂದಕ್ಕೆ ತುಂಬುತ್ತದೆ. ಜನ ಇದಕ್ಕೆ ಸ್ಟೀಮ್ ಕ್ಲೀನಿಂಗ್ ಅನ್ನುತ್ತಾರೆ. ಹಬೆಯೇನೂ ಇಲ್ಲ, ಬಿಸಿನೀರು ಅಷ್ಟೆ.

ಯಂತ್ರ ಬಂದರೆ ಕೆಲಸ ತಾನಾಗಿ ಬೇಗ ಆಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಬೇಗ ಆಗುವ ದಾರಿ ಗೊತ್ತಿದ್ದದ್ದು ಮಂಡ್ಯದ ಕಡೆಯ ಒಬ್ಬ ಹೆಂಗಸಿಗೆ ಮಾತ್ರ. ಆಕೆ ಮೊದಲು ಒಣ ಧೂಳನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆದುಬಿಡುವಳು. ಕಾರ್ಪೆಟ್ಟಿನ ಕೊಳೆಯಲ್ಲಿ ಬಹುಪಾಲು ಒಣ ಮಣ್ಣೇ. ಅದರ ಮೇಲೆ ನೀರು ಬಿಟ್ಟರೆ ಕೆಸರಾಗುತ್ತದೆ. ಆಮೇಲೆ ಸೋಪಿನ ನೀರು ಸಿಂಪಡಿಸಿ ಹತ್ತು ನಿಮಿಷ ನೆನೆಯಲು ಬಿಡುವಳು. ಆ ಹತ್ತು ನಿಮಿಷದಲ್ಲಿ ಬಿಸಿನೀರು ತುಂಬಿ, ಕೊಳೆ ಟ್ಯಾಂಕು ಖಾಲಿ ಮಾಡಿ ಇಡುವಳು. ಶುರು ಮಾಡುವುದು ಬಾಗಿಲಿನಿಂದ ದೂರದ ಮೂಲೆಯಲ್ಲಿ. ಸಗಣಿ ಸಾರಿಸುವವರು ಹಿಂದೆ ಹಿಂದೆ ಸರಿಯುವುದನ್ನು ನೋಡಿದ್ದೀರಲ್ಲ, ಹಾಗೇ ಹೊಸಿಲಿನ ತನಕ. ಒಂದು ಪಟ್ಟಿ ನೀರು ಬಿಟ್ಟು ಎಳೆದರೆ, ಅದೇ ಪಟ್ಟಿಯ ಮೇಲೆ ನೀರು ಬಿಡದೆ ಇನ್ನೆರಡು ಸಲ ನಿಧಾನವಾಗಿ ಎಳೆಯುವಳು.

ಗುಟ್ಟು ಇದ್ದದ್ದು ಆ ಎರಡು ಒಣ ಎಳೆತದಲ್ಲಿ. ಅವಸರದವರು ಮೊದಲು ಬಿಡುವುದು ಅದನ್ನೇ, ಏಕೆಂದರೆ ಮಾಡಿದ್ದಕ್ಕೂ ಬಿಟ್ಟಿದ್ದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ನೀರು ತಳದಲ್ಲೇ ಉಳಿಯುತ್ತದೆ. ಮರುದಿನವೂ ಒದ್ದೆಯಿದ್ದರೆ ಮುಗ್ಗಲು ವಾಸನೆ. ಸೋಪು ಹೆಚ್ಚು ಸುರಿದರೆ ಅದರ ಅಂಟಿಗೇ ಮತ್ತೆ ಧೂಳು ಹಿಡಿಯುತ್ತದೆ. ಅಂಥ ರೂಮನ್ನು ಇನ್ನೊಮ್ಮೆ ತೊಳೆಯಬೇಕು. ಹೀಗಾಗಿ ಎಲ್ಲರಿಗಿಂತ ನಿಧಾನ ಕಾಣುತ್ತಿದ್ದ ಈಕೆ, ಬೇರೆಯವರಿಗೆ ಸಂಜೆ ಐದರವರೆಗೆ ಹಿಡಿಯುತ್ತಿದ್ದ ಆರು ರೂಮುಗಳನ್ನು ಮೂರಕ್ಕೇ ಮುಗಿಸುತ್ತಿದ್ದಳು. ಒಳಗೆ ಫ್ಯಾನು ಹಾಕಿ, ಒದ್ದೆಯ ಮೇಲೆ ಯಾರೂ ಕಾಲಿಡದಂತೆ ಪಡಸಾಲೆಯಲ್ಲಿ ಸ್ಟೂಲು ಹಾಕಿಕೊಂಡು ಹೂ ಕಟ್ಟುತ್ತಾ ಕೂರುತ್ತಿದ್ದಳು.

ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಹೂವು. "ಹೊತ್ತು ಉಳೀತದಲ್ಲಮ್ಮ, ಇನ್ನೆರಡು ರೂಮು ಕೊಡಿ" ಎಂದರು.

ಅವರ ಮಾತು ತೀರಾ ಅನ್ಯಾಯದ್ದೇನಲ್ಲ. ಯಂತ್ರಕ್ಕೆ ದುಡ್ಡು ಕೊಟ್ಟವರು ಅವರು, ಸಂಬಳ ಇಡೀ ದಿನದ್ದು. ಆದರೆ ಅದೇ ಯಂತ್ರ ಬೇರೆಯವರ ಕೈಯಲ್ಲಿ ಒಂದು ನಿಮಿಷವನ್ನೂ ಉಳಿಸಿರಲಿಲ್ಲ. ಉಳಿಸಿದ್ದು ಈಕೆಯ ಮಣಿಕಟ್ಟು. ಜಾಣತನದಿಂದ ಉಳಿಸಿದ ಎರಡು ಗಂಟೆಗೆ ಬಹುಮಾನ ಇನ್ನೆರಡು ರೂಮು ಎಂದಾದರೆ, ನಾಳೆ ಯಾರು ಉಳಿಸುತ್ತಾರೆ? ಒಂದೋ ಐದರವರೆಗೆ ಎಳೆದಾಡುತ್ತಾರೆ, ಇಲ್ಲವೇ ಕಣ್ಣಿಗೆ ಕಾಣದ ಆ ಒಣ ಎಳೆತವನ್ನು ನುಂಗಿಹಾಕುತ್ತಾರೆ.

ಇದು ನಮ್ಮ ಮನೆಯೊಳಗಿನ ಕಥೆಯೂ ಹೌದು. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಧೂಳು ಹೀರುವ ಯಂತ್ರ ಎಷ್ಟು ದೊಡ್ಡದಿತ್ತೆಂದರೆ, ಕುದುರೆಗಳು ಅದನ್ನು ಮನೆಯ ಮುಂದೆ ಎಳೆದು ತರಬೇಕಿತ್ತು. ಕೆಲಸದವರು ಕಿಟಕಿಯಿಂದ ಪೈಪು ಒಳಗೆ ಬಿಟ್ಟು ಕಾರ್ಪೆಟ್ಟು ಶುಚಿ ಮಾಡುತ್ತಿದ್ದರು. ಯಂತ್ರ ಚಿಕ್ಕದಾಗುತ್ತಾ ಆಗುತ್ತಾ ಗೃಹಿಣಿಯ ಕೈಗೆ ಬಂತು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದಲ್ಲಿ ಹೇಳುವುದು ಇದನ್ನೇ: ಮುಂಚೆ ಕಾರ್ಪೆಟ್ಟನ್ನು ಹೊರಗೆ ಹಾಕಿ ಬಡಿಯಲು ಗಂಡಸರು, ಮಕ್ಕಳು ಕೈಹಾಕುತ್ತಿದ್ದರು, ಯಂತ್ರ ಬಂದ ಮೇಲೆ ಅದು ತಾಯಿಯೊಬ್ಬಳ ಕೆಲಸವಾಯಿತು. ವಾಷಿಂಗ್ ಮೆಷೀನು ಬಂದ ಮನೆಯಲ್ಲಿ ಒಂದೇ ಸಲ ತೊಟ್ಟ ಷರ್ಟು ಕೂಡ ಒಗೆಯಲು ಬೀಳುವುದನ್ನು ನಾವೇ ಕಂಡಿಲ್ಲವೇ? ಮಧ್ಯಾಹ್ನ ಅರ್ಧ ಗಂಟೆ ಸುಮ್ಮನೆ ಕೂತರೆ ನಮಗೆ ನಾವೇ ಸಮಜಾಯಿಷಿ ಕೊಟ್ಟುಕೊಳ್ಳುತ್ತೇವೆ, ಕೈಯಲ್ಲಿ ಸೊಪ್ಪಿನ ಕಟ್ಟಾದರೂ ಇರಬೇಕು.

ಇನ್ನೆರಡು ರೂಮು ಕೊಡಲು ನಾನು ಒಪ್ಪಲಿಲ್ಲ. ಕೊಟ್ಟರೆ ಆರೂ ರೂಮು ಕೆಡುತ್ತವೆ ಎಂದು ಲೆಕ್ಕ ತೋರಿಸಿದೆ. ಹಾಗಾದರೆ ಆ ಎರಡು ಗಂಟೆಗೆ ಪುಸ್ತಕದಲ್ಲಿ ಏನಾದರೂ ಬರೆಯಿರಿ ಎಂದರು. ನಾನು ಆಕೆಯನ್ನೇ ಕೇಳಿದೆ. 'ಒಣಗಿಸುವ ಕೆಲಸ' ಎಂದು ಬರೆದರೆ ಯಾರೂ ತಕರಾರು ಎತ್ತುವುದಿಲ್ಲ ಎಂದೂ ಹೇಳಿದೆ.

"ಕೂತಿದ್ದೆ ಅಂತ್ಲೇ ಬರೀರಿ ಅಮ್ಮಾ" ಎಂದಳು. "ಕೆಲ್ಸ ಮುಗ್ಸಿ ತಾನೇ ಕೂತಿರೋದು."

ಹಾಗೇ ಬರೆದೆ. ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆಯಬೇಕಾಯಿತು. ತಿಂಗಳ ಕೊನೆಗೆ ಅಧಿಕಾರಿಗಳು ಸಹಿ ಹಾಕಿದರು. ಅಂಚನ್ನು ಓದಿದರೋ ಇಲ್ಲವೋ.