ಅವನಿಗೇನು ತಿಳಿಯುತ್ತದೆ?

ಅಕ್ಕ ತೀರಿಹೋದ ದಿನ ಅವಳ ಮಗನನ್ನು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಕಳಿಸಿದವಳು ನಾನೇ. ವಯಸ್ಸು 34, ಬುದ್ಧಿ ಮಾತ್ರ ಆರೇಳು ವರ್ಷದ ಮಗುವಿನದು ಎಂದು ನಾವೆಲ್ಲ ಹೇಳುತ್ತಿದ್ದೆವು. “ಪಾಪ, ಅವನಿಗೇನು ತಿಳಿಯುತ್ತದೆ? ಅಮ್ಮ ಊರಿಗೆ ಹೋಗಿದ್ದಾಳೆ ಅಂದರಾಯಿತು” ಎಂದರು ಹಿರಿಯರು. ನನಗೂ ಅದೇ ಕರುಣೆ ಅನ್ನಿಸಿತು.

ಎರಡು ತಿಂಗಳು ಕಳೆಯಿತು. ಬೆಳಿಗ್ಗೆ ಪಾತ್ರೆ ಹಿಡಿದು ಗೇಟಿನ ಬಳಿ ನಿಂತು ಹಾಲು ಹಾಕಿಸಿಕೊಳ್ಳುವುದು ಅವನ ಹೆಮ್ಮೆಯ ಕೆಲಸವಾಗಿತ್ತು, ಅದನ್ನು ಬಿಟ್ಟುಬಿಟ್ಟ. ಇಷ್ಟದ ಉಪ್ಪಿಟ್ಟೂ ತಟ್ಟೆಯಲ್ಲೇ ಆರಿಹೋಗುತ್ತಿತ್ತು. ನಡುರಾತ್ರಿ ಎದ್ದು ಕೂರುತ್ತಿದ್ದ, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. “ಅವನದು ಮೊದಲಿನಿಂದಲೂ ಹಾಗೇ” ಎಂದರು ಭಾವ. ಹಗಲೆಲ್ಲ ಮೂಲೆಯಲ್ಲಿ ಕೂತಿರುವುದನ್ನು ಕಂಡು “ಈಗ ಎಷ್ಟು ಶಾಂತವಾಗಿದ್ದಾನೆ!” ಎಂದು ಮೆಚ್ಚಿದವಳು ನಾನು. ಗಲಾಟೆ ಮಾಡದ ಮಗುವೇ ಒಳ್ಳೆಯ ಮಗು ಎಂದು ತರಗತಿಯಲ್ಲಿ ಕಲಿತ ಕಣ್ಣು ನನ್ನದು.

ತೀರ ಸೊರಗಿದ ಮೇಲೆ ಮನೋವೈದ್ಯರ ಬಳಿ ಕರೆದೊಯ್ದೆವು. ಆಕೆ ಕೇಳಿದ ಮೊದಲ ಪ್ರಶ್ನೆ: “ಇವರು ಮೊದಲು ಹೇಗಿದ್ದರು? ಈಗ ಏನು ಬದಲಾಗಿದೆ?” ನಮ್ಮ ಮನೆಯಲ್ಲಿ ಅವನಿಗೆ ಬಹುವಚನ ಬಳಸಿದವರು ಯಾರೂ ಇರಲಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮಂಕು ಕವಿಯುತ್ತದೆ, ಹಲ್ಲುನೋವನ್ನು ಹೇಳಲಾರದವರೂ ಹೀಗೆ ಹೊಡೆದುಕೊಳ್ಳಬಹುದು ಎಂದು ಅವನ್ನೆಲ್ಲ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಕಂಡದ್ದನ್ನೆಲ್ಲ ಬುದ್ಧಿಮಾಂದ್ಯದ ಲೆಕ್ಕಕ್ಕೇ ಬರೆದು, ಅದರ ನೆರಳಲ್ಲಿ ಇನ್ನೊಂದು ಕಾಯಿಲೆಯನ್ನು ಕಾಣದೆ ಹೋಗುವ ಈ ತಪ್ಪನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು 1982ರಲ್ಲೇ ಗುರುತಿಸಿ ಹೆಸರಿಟ್ಟಿದ್ದಾರಂತೆ.

ಆಮೇಲೆ ಅವನ ಸರದಿ. ನಗುವ, ಸುಮ್ಮನಿರುವ, ಅಳುವ ಮೂರು ಮುಖಗಳ ಚಿತ್ರ ಮುಂದಿಟ್ಟು, “ಈ ವಾರ ಬೇಜಾರಾಗಿತ್ತಾ?” ಎಂದು ಕೇಳಿದರು. ಉತ್ತರ ಹೇಳಲು ನಾನು ಬಾಯಿ ತೆರೆದೆ. “ಅವರೇ ಹೇಳಲಿ ಮೇಡಂ” ಎಂದು ತಡೆದರು. ಬಹಳ ಹೊತ್ತಿನ ಮೇಲೆ ಅವನು ಅಳುವ ಮುಖದ ಮೇಲೆ ಬೆರಳಿಟ್ಟ. “ಅಮ್ಮ ಬಿಟ್ಟು ಹೋದ್ಲು. ನಾನು ಹಾಲು ಚೆಲ್ಲಿದ್ದೆ” ಎಂದ.

ನನ್ನ ಎದೆ ಒಡೆಯಿತು. ಸಾವನ್ನು ಬಚ್ಚಿಟ್ಟು ಅವನಿಗೆ ದುಃಖ ತಪ್ಪಿಸಿದೆವೆಂದುಕೊಂಡಿದ್ದೆವು. ನಾವು ಕೊಟ್ಟದ್ದು ಅದಕ್ಕಿಂತ ದೊಡ್ಡ ದುಃಖ: ತನ್ನ ತಪ್ಪಿನಿಂದ ತಾಯಿ ಬಿಟ್ಟುಹೋದಳೆಂಬುದು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸಿದ್ಧವಾಗಿ 2003ರಲ್ಲಿ ಪ್ರಕಟವಾದ ಇಂಥದೊಂದು ಪ್ರಶ್ನಾವಳಿಯಲ್ಲಿ ಆ ವ್ಯಕ್ತಿಗೇ ಕೇಳುವ 20 ಪ್ರಶ್ನೆಗಳಿವೆ. ನೋಡಿಕೊಳ್ಳುವವರಿಗೆ ಬೇರೆಯೇ 16. ಈ ಎರಡು ಪಟ್ಟಿಗಳಲ್ಲಿ ನನಗೊಂದು ನೀತಿ ಕಾಣುತ್ತದೆ. ನಿದ್ದೆ, ಊಟ, ಅಳು ನಮ್ಮ ಕಣ್ಣಿಗೆ ಬೀಳುತ್ತವೆ. ಹಾಲು ಚೆಲ್ಲಿದ ಅಪರಾಧ ನಮಗೆ ಹೇಗೆ ಕಂಡೀತು? ಅದನ್ನು ಅವನೇ ಹೇಳಬೇಕು. ಅವನು ಹೇಳಬೇಕಾದರೆ ನಾವು ಕೇಳಬೇಕು, ಕೇಳಿ ಕಾಯಬೇಕು. ಕೆಲವರಿಗೆ ಮಾತೇ ಬರುವುದಿಲ್ಲ, ನಿಜ. ಅಂಥವರ ಪರವಾಗಿ ಇನ್ನೊಬ್ಬರು ಹೇಳಲೇಬೇಕು. ಮಾತಿದ್ದವನ ಮಾತನ್ನೂ ನಾವೇ ಆಡಿಬಿಡುವುದು ಪ್ರೀತಿಯೇ?

ಪ್ರಶ್ನಾವಳಿಯೊಂದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ. ಆಕೆ ಹಲವು ಸಲ ಅವನನ್ನು ನೋಡಿ, ಖಿನ್ನತೆಯೆಂದು ಹೇಳಿ ಔಷಧಿ ಕೊಟ್ಟರು. ನಿಜ ಹೇಳುವ ಕೆಲಸ ಮಾತ್ರ ನಮ್ಮದೇ ಆಗಿತ್ತು. ಅಕ್ಕನ ಫೋಟೋ ಮುಂದೆ ಕೂರಿಸಿಕೊಂಡು, ಅಮ್ಮ ಸತ್ತುಹೋದಳು, ಕಾಯಿಲೆಯಿಂದ ಸತ್ತಳು, ನಿನ್ನ ತಪ್ಪೇನಿಲ್ಲ ಎಂದೆ. ಅವನು ಅತ್ತ. ಮರುದಿನ ಮತ್ತೆ ಕೇಳಿದ, ಮತ್ತೆ ಹೇಳಿದೆ. ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ.

ವರ್ಷಾಬ್ದಿಕದ ದಿನ ಅವನನ್ನು ಯಾರ ಮನೆಗೂ ಕಳಿಸಲಿಲ್ಲ. ಅಂದು ಬೆಳಿಗ್ಗೆ ಹಾಲು ಹಾಕಿಸಿಕೊಂಡು ಬಂದವನೂ ಅವನೇ.