ಎರಡು ಕಲ್ಲುಗಳ ನಡುವಿನ ಕಾಲ

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಗೋಕಾಕ ಫಾಲ್ಸಿನ ಹಾಸುಬಂಡೆಯ ಮೇಲೆ ನಡೆದಾಡಬಹುದು. ಮಳೆಗಾಲದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಈ ಮರಳುಗಲ್ಲಿನ ಅಂಚಿನಿಂದಲೇ. ಬಾಗಿ ನೋಡಿದರೆ ಕೆಲವು ಬಂಡೆಗಳ ಮೇಲೆ ಸಣ್ಣ ಸಣ್ಣ ಏರಿಳಿತದ ಸಾಲುಗಳಿವೆ. ಬೆರಳಾಡಿಸಿದರೆ ಕೆರೆಯಂಚಿನ ಉಸುಕನ್ನು ಮುಟ್ಟಿದಂತೆ. ಅವು ನಿಜವಾಗಿಯೂ ತೆರೆಗಳು ಬಿಟ್ಟುಹೋದ ಗುರುತುಗಳೇ. ಕಲಾದಗಿ ಶಿಲಾಸ್ತೋಮದ ಈ ಕಲ್ಲು ಹೆಚ್ಚುಕಡಿಮೆ ನೂರು ಕೋಟಿ ವರ್ಷ ಹಳೆಯದು. ಆ ತೆರೆ ದಡಕ್ಕೆ ಬಡಿದಾಗ ನೆಲದ ಮೇಲೆ ಒಂದು ಗರಿಕೆಯೂ ಇರಲಿಲ್ಲ.

ಇದೇ ಸೀಮೆಯಲ್ಲಿ ಕೆಲವೆಡೆ ಮರಳುಗಲ್ಲಿನ ಮೇಲೆ ನೇರವಾಗಿ ಲಾವಾದ ಕರಿಗಲ್ಲು ಕೂತಿದೆ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ. ಮೂಡಲಗಿಯ ಕಬ್ಬು ಬೆಳೆಯುವ ಎರೆಮಣ್ಣು ಅಂಥ ಕಲ್ಲು ಸವೆದು ಆದದ್ದು. ಎರಡು ಕಲ್ಲು ಒಂದಕ್ಕೊಂದು ತಾಗಿವೆ, ನಡುವೆ ಚೂರಿಯ ಅಲಗೂ ತೂರದು. ಆದರೆ ಆ ಗೆರೆಯೊಳಗೆ ಎಂಬತ್ತು, ತೊಂಬತ್ತು ಕೋಟಿ ವರ್ಷ ಅಡಗಿವೆ. ಮೀನು ಹುಟ್ಟಿದ್ದು, ಗಿಡ ನೆಲಕ್ಕೇರಿದ್ದು, ಡೈನೋಸಾರ್ ಬಂದದ್ದು ಎಲ್ಲ ಆ ಅವಧಿಯಲ್ಲೇ. ಇಲ್ಲಿನ ಕಲ್ಲು ಅದರ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಸ್ಪಿತಿಯ ಕಡಲಚಿಪ್ಪು, ರಾಣಿಗಂಜಿನ ಕಲ್ಲಿದ್ದಲು, ನರ್ಮದೆಯ ಡೈನೋಸಾರ್ ಮೊಟ್ಟೆಗಳಿಂದ ನಾವು ಅದನ್ನು ತಿಳಿಯಬೇಕಾಯಿತು.

ಇಷ್ಟು ದೊಡ್ಡ ಕಾಲದ ಮುಂದೆ ಮನುಷ್ಯ ಧೂಳಿನ ಕಣ ಎಂದು ಹಲವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಉದ್ದವನ್ನೇ ಬೆಲೆ ಎಂದುಕೊಂಡವರ ಲೆಕ್ಕ ಅದು. ಕೋಟಿಗಟ್ಟಲೆ ವರ್ಷ ಒಂದು ಗೆರೆಯಾಗಿ ಮುಗಿದಿವೆ. ಒಂದು ಮಧ್ಯಾಹ್ನದ ತೆರೆ ಉಳಿದಿದೆ. ಉಳಿಯುವುದಕ್ಕೂ ದೊಡ್ಡದಾಗಿರುವುದಕ್ಕೂ ಸಂಬಂಧವಿಲ್ಲ. ಕೆಸರು ಸರಿಯಾದ ಹೊತ್ತಿಗೆ ಮುಚ್ಚಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಹಾಗಿರುವಾಗ ಗುರುತು ಬಿಡದ ಬಾಳನ್ನು ಕ್ಷುಲ್ಲಕ ಎನ್ನಲು ನಮಗೆ ಏನು ಆಧಾರ?

ಕೆಸರು ಮುಚ್ಚಿದ ಒಂದು ಪ್ರಾಣಿ ಗೋಕಾಕದಲ್ಲೇ ಇತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಹಳ್ಳದ ದಂಡೆಯ ಮಣ್ಣಿನಲ್ಲಿ ಘೇಂಡಾಮೃಗದ ಎಲುಬುಗಳನ್ನು ಕಂಡು, 1874ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ 'ರೈನಾಸೆರಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟರು. ಇಂದು ಘೇಂಡಾಮೃಗ ನೋಡಲು ನಾವು ಕಾಜಿರಂಗಕ್ಕೆ ಹೋಗಬೇಕು. ಒಂದು ಕಾಲಕ್ಕೆ ಅದು ಈ ಹಳ್ಳಗಳಲ್ಲಿ ನೀರು ಕುಡಿಯುತ್ತಿತ್ತು. ಆ ದಂಡೆ ಫೂಟ್ ಬರುವ ಮೊದಲೇ ಕುಸಿದು ಹೊಳೆ ಸೇರಿದ್ದರೆ, ಘಟಪ್ರಭೆಯ ಬಯಲಿನಲ್ಲಿ ಘೇಂಡಾಮೃಗವಿತ್ತೆಂದರೆ ನಾವೇ ನಗುತ್ತಿದ್ದೆವು.

ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತ ಬಂಧುಗಳಲ್ಲಿ ಒಂದು ವಿನಂತಿ. ಬಾವಿ ತೋಡುವಾಗ, ಹಳ್ಳದ ದಂಡೆ ಕಡಿಯುವಾಗ ಕಲ್ಲಿನಂತೆ ಭಾರವಾದ ಎಲುಬು ಸಿಕ್ಕರೆ ಒಡೆಯಬೇಡಿ. ಎಷ್ಟು ಆಳ, ಯಾವ ಮಣ್ಣು ಎಂದು ಬರೆದಿಟ್ಟು, ಸಿಕ್ಕ ಜಾಗದಲ್ಲೇ ಫೋಟೊ ತೆಗೆದು, ಭೂವಿಜ್ಞಾನ ಕಲಿಸುವ ಮಾಸ್ತರರೊಬ್ಬರಿಗೆ ತೋರಿಸಿ.