ಬೋಧನೆಯ ಗುಣಮಟ್ಟವನ್ನು ಎಲ್ಲಿ ಹುಡುಕಬೇಕು?

ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದೆಯೇ ಎಂಬುದು ಹಲವರಿಗೆ ಬೇಕಾದ ವಿಷಯ: ಮಕ್ಕಳನ್ನು ಸೇರಿಸುವ ತಂದೆತಾಯಿಗಳಿಗೆ, ಮಾನ್ಯತೆ ಕೊಡುವ ಸಂಸ್ಥೆಗಳಿಗೆ, ಬಡ್ತಿ ನಿರ್ಧರಿಸುವ ಆಡಳಿತ ಮಂಡಳಿಗೆ, ಕೆಲಸಕ್ಕೆ ಆಯ್ದುಕೊಳ್ಳುವ ಕಂಪನಿಗೆ. ಬೋಧನೆ ಅಧ್ಯಾಪಕರ ಮಾತಿನಿಂದ ಆರಂಭವಾಗಿ ವಿದ್ಯಾರ್ಥಿಯ ಸಾಮರ್ಥ್ಯದಲ್ಲಿ ಮುಗಿಯುವ ಕ್ರಿಯೆ. ಅದರ ಆರಂಭ ಎಲ್ಲರಿಗೂ ಕಾಣುತ್ತದೆ; ಕೊನೆ ಕಾಣಲು ಕೆಲವೊಮ್ಮೆ ವರ್ಷಗಳೇ ಬೇಕು. ಆರಂಭದಲ್ಲಿ ಸುಲಭವಾಗಿ ಎಣಿಸಲು ಸಿಗುವುದನ್ನೇ ಗುಣಮಟ್ಟವೆಂದು ಒಪ್ಪಿಕೊಂಡದ್ದರಿಂದ ಮೌಲ್ಯಮಾಪನದ ಬಹುಪಾಲು ತೊಡಕುಗಳು ಹುಟ್ಟಿವೆ.

ಮೊದಲ ಅಳತೆಗೋಲು ಸೌಲಭ್ಯಗಳದ್ದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ 2016ರಲ್ಲಿ ಮೊದಲ ಶ್ರೇಯಾಂಕ ಪಟ್ಟಿ ಪ್ರಕಟಿಸಿತು. ಅದರ ಎಂಜಿನಿಯರಿಂಗ್ ವಿಭಾಗದಲ್ಲಿ 'ಬೋಧನೆ, ಕಲಿಕೆ ಮತ್ತು ಸಂಪನ್ಮೂಲ'ಕ್ಕೆ ಶೇ. 30ರಷ್ಟು ತೂಕವಿದೆ. ಈ ಶೀರ್ಷಿಕೆಯಡಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ವಿದ್ಯಾರ್ಥಿಗಳ ಸಂಖ್ಯೆ, ಅಧ್ಯಾಪಕ–ವಿದ್ಯಾರ್ಥಿ ಅನುಪಾತ, ಪಿಎಚ್.ಡಿ. ಪಡೆದವರ ಪ್ರಮಾಣ, ಬೋಧನೆಯ ಅನುಭವ, ಮಾಡಿದ ಖರ್ಚು. ಇವೆಲ್ಲ ಬೇಕಾದವೇ. ಇನ್ನೂರು ಜನರಿಗೆ ಒಬ್ಬರೇ ಅಧ್ಯಾಪಕರಿದ್ದರೆ ಯಾರ ತಪ್ಪನ್ನೂ ಕೂತು ತಿದ್ದಲಾಗದು. ಆದರೆ ಸೌಲಭ್ಯ ಬೋಧನೆಗೆ ಅವಕಾಶ ಮಾಡಿಕೊಡುತ್ತದೆ, ಬೋಧನೆ ನಡೆಯಿತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಲ್ಯಾಬಿನಲ್ಲಿ ಯಂತ್ರ ಇರುವುದು ಬೇರೆ, ವಿದ್ಯಾರ್ಥಿಯ ಕೈ ಅದರ ಮೇಲೆ ಆಡುವುದು ಬೇರೆ.

ಎರಡನೆಯದು ಪರೀಕ್ಷೆಯ ಫಲಿತಾಂಶ. 1998ರಲ್ಲಿ ಬೆಳಗಾವಿ ಕೇಂದ್ರವಾಗಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷಗಳಿಂದ ಇರುವ ಪದ್ಧತಿಯಂತೆ ಪಠ್ಯವನ್ನು ಐದು ಮಾಡ್ಯೂಲ್‌ಗಳಾಗಿ ಒಡೆಯಲಾಗುತ್ತದೆ. ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ. ರಾಜ್ಯದ ದೂರದ ಊರಿನ ವಿದ್ಯಾರ್ಥಿಯನ್ನೂ ಬೆಂಗಳೂರಿನವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನ್ಯಾಯ ಇದರಲ್ಲಿದೆ. ಆದರೆ ಚೌಕಟ್ಟು ಬದಲಾಗದಿದ್ದಾಗ ಹಳೆಯ ಪ್ರಶ್ನೆಪತ್ರಿಕೆಗಳೇ ಪಠ್ಯಪುಸ್ತಕವಾಗುತ್ತವೆ, 'ಪಾಸಿಂಗ್ ಪ್ಯಾಕೇಜ್' ಹುಟ್ಟಿಕೊಳ್ಳುತ್ತದೆ.

ಇದರಿಂದ ಆಗುವ ನಷ್ಟವನ್ನು ಒಂದು ಬೀಮ್‌ನ ಉದಾಹರಣೆಯಲ್ಲಿ ಕಾಣಬಹುದು. ಎರಡೂ ತುದಿಗೆ ಆಧಾರವಿರುವ, ಉದ್ದಕ್ಕೂ ಸಮನಾದ ಭಾರ ಹೊತ್ತ ಬೀಮ್‌ನ ಗರಿಷ್ಠ ಬೆಂಡಿಂಗ್ ಮೊಮೆಂಟ್ ಎಷ್ಟು ಎಂದು ಕೇಳಿದರೆ ಹೆಚ್ಚಿನ ಸಿವಿಲ್ ವಿದ್ಯಾರ್ಥಿಗಳು ಸೂತ್ರ ಬರೆದು ಪೂರ್ತಿ ಅಂಕ ಪಡೆಯುತ್ತಾರೆ: ಪ್ರತಿ ಮೀಟರಿನ ಭಾರವನ್ನು ಉದ್ದದ ವರ್ಗದಿಂದ ಗುಣಿಸಿ, ಎಂಟರಿಂದ ಭಾಗಿಸುವುದು. ಈಗ ಎರಡೂ ಆಧಾರಗಳನ್ನು ಒಳಕ್ಕೆ, ಪ್ರತಿ ಬದಿಯಲ್ಲಿ ಒಟ್ಟು ಉದ್ದದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸರಿಸಿ, ಏನಾಗುತ್ತದೆ ಎಂದು ಕೇಳಬೇಕು. ಗರಿಷ್ಠ ಮೊಮೆಂಟ್ ಮೊದಲಿನದರ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ, ಆಧಾರದ ಮೇಲೆ ಬೀಮ್ ತಿರುವುಮುರುವಾಗಿ ಬಾಗುವುದರಿಂದ ಅಲ್ಲಿ ಎಳೆತ ಮೇಲ್ಭಾಗಕ್ಕೆ ಬರುತ್ತದೆ. ಕಾಂಕ್ರೀಟ್ ಎಳೆತಕ್ಕೆ ಬೇಗ ಬಿರುಕುಬಿಡುವ ವಸ್ತು, ಆದ್ದರಿಂದ ಅಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಗೋಡೆಯಿಂದ ಚಾಚಿಕೊಂಡ ಬಾಲ್ಕನಿಯಲ್ಲೂ ಅಷ್ಟೆ. ಕಂಬಿಯನ್ನು ಕೆಳಗೆ ಕಟ್ಟಿದರೆ ಸೆಂಟ್ರಿಂಗ್ ಬಿಚ್ಚಿದಾಗಲೇ ಅಪಾಯ. ಸೂತ್ರ ಬರೆದವನಿಗೆ ಈ ಎರಡನೆಯ ಪ್ರಶ್ನೆ ಬಿಡಿಸಲು ಬಂದರೆ ಬೋಧನೆ ಮುಟ್ಟಿದೆ ಎಂದರ್ಥ. ಬಾರದಿದ್ದರೆ ಅವನ ಅಂಕಪಟ್ಟಿ ಹೇಳುತ್ತಿರುವುದು ನೆನಪಿನ ಶಕ್ತಿಯನ್ನು ಮಾತ್ರ. ಪ್ಲೇಸ್‌ಮೆಂಟ್ ಅಂಕಿಗಳ ಮಿತಿ ಇನ್ನೂ ಹೆಚ್ಚು. ಕಾಲೇಜಿಗೆ ಸೇರುವಾಗ ಇದ್ದ ಸಿಇಟಿ ರ್‍ಯಾಂಕ್, ಆ ವರ್ಷದ ಸಾಫ್ಟ್‌ವೇರ್ ಮಾರುಕಟ್ಟೆ, ನಾಲ್ಕು ವರ್ಷದ ಪಾಠ ಮೂರೂ ಅದರಲ್ಲಿ ಬೆರೆತಿರುತ್ತವೆ. ಬೇರ್ಪಡಿಸುವ ದಾರಿ ಆ ಅಂಕಿಯಲ್ಲಿಲ್ಲ.

ಮೂರನೆಯದು ವಿದ್ಯಾರ್ಥಿಗಳ ಫೀಡ್‌ಬ್ಯಾಕ್. ಪಾಠ ಸಮಯಕ್ಕೆ ನಡೆಯಿತೇ, ಮಾತು ಅರ್ಥವಾಯಿತೇ, ಅನುಮಾನ ಕೇಳಿದರೆ ಅವಮಾನ ಮಾಡಿದರೇ ಎಂಬುದನ್ನು ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಹೇಳಬಲ್ಲವರಿಲ್ಲ. ತಾವು ಎಷ್ಟು ಕಲಿತೆವು ಎಂಬುದರ ಬಗ್ಗೆ ಮಾತ್ರ ಅವರ ಅಂದಾಜು ಹಲವು ಬಾರಿ ತಪ್ಪುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಮೆರಿಕದ ಏರ್ ಫೋರ್ಸ್ ಅಕಾಡೆಮಿಯ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ಪರಿಶೀಲಿಸಿದರು. ಅಲ್ಲಿ ಯಾರು ಯಾವ ಅಧ್ಯಾಪಕರ ತರಗತಿಗೆ ಹೋಗಬೇಕೆಂಬುದು ಆಯ್ಕೆಯಿಲ್ಲದೆ ನಿಗದಿಯಾಗುತ್ತದೆ, ಪರೀಕ್ಷೆ ಎಲ್ಲರಿಗೂ ಒಂದೇ, ಮುಂದಿನ ಗಣಿತ ಹಾಗೂ ಎಂಜಿನಿಯರಿಂಗ್ ವಿಷಯಗಳೂ ಕಡ್ಡಾಯ. ಕ್ಯಾಲ್ಕುಲಸ್‌ನ ಮೊದಲ ಕೋರ್ಸಿನಲ್ಲಿ ಯಾರ ವಿದ್ಯಾರ್ಥಿಗಳು ಆಗಲೇ ಹೆಚ್ಚು ಅಂಕ ತೆಗೆದರೋ ಆ ಅಧ್ಯಾಪಕರಿಗೆ ಫೀಡ್‌ಬ್ಯಾಕ್ ಕೂಡ ಚೆನ್ನಾಗಿತ್ತು. ಆದರೆ ಅದೇ ವಿದ್ಯಾರ್ಥಿಗಳು ಮುಂದಿನ ಕೋರ್ಸುಗಳಲ್ಲಿ ಸರಾಸರಿಯಲ್ಲಿ ಹಿಂದೆ ಬಿದ್ದರು. 2019ರಲ್ಲಿ ಪ್ರಕಟವಾದ, ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. ತಾವೇ ಗುಂಪಿನಲ್ಲಿ ಸಮಸ್ಯೆ ಬಿಡಿಸಿ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರೂ, ಕಡಿಮೆ ಕಲಿತೆವು ಎಂದೇ ಭಾವಿಸಿದ್ದರು. ತಡವರಿಸದೆ ಸಾಗುವ ಉಪನ್ಯಾಸ ಕೇಳುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ತಾನೇ ಲೆಕ್ಕಕ್ಕೆ ಕೂತಾಗ ಆಗುವ ಕಷ್ಟ ಕಲಿಕೆಯ ಭಾಗವೆಂದು ಕಲಿಯುವವನಿಗೆ ಆಗ ಗೊತ್ತಾಗುವುದಿಲ್ಲ.

ನಾಲ್ಕನೆಯದು ಈಗ ಎಲ್ಲೆಡೆ ಇರುವ ಫಲಿತಾಧಾರಿತ ಪದ್ಧತಿ. ಎಂಜಿನಿಯರಿಂಗ್ ಪದವಿಗಳಿಗೆ ದೇಶದೇಶಗಳ ನಡುವೆ ಪರಸ್ಪರ ಮನ್ನಣೆ ಕೊಡುವ ವಾಷಿಂಗ್ಟನ್ ಒಪ್ಪಂದ 1989ರದು; ಭಾರತ ತನ್ನ ಮಾನ್ಯತಾ ಸಂಸ್ಥೆ ಎನ್‌ಬಿಎ ಮೂಲಕ 2014ರಲ್ಲಿ ಅದರ ಕಾಯಂ ಸದಸ್ಯವಾಯಿತು. ಕೋರ್ಸ್ ಮುಗಿದಾಗ ವಿದ್ಯಾರ್ಥಿ ಏನು ಮಾಡಬಲ್ಲ ಎಂದು ಕೇಳುವುದು ಇದರ ತಿರುಳು, ಮತ್ತು ಈ ಪ್ರಶ್ನೆ ಸರಿಯಾದದ್ದೇ. ಎಡವಟ್ಟಾಗುವುದು ಆಚರಣೆಯಲ್ಲಿ. ಪ್ರತಿ ಪ್ರಶ್ನೆಯ ಪಕ್ಕ ಅದು ಯಾವ 'ಸಿಒ'ಗೆ (ಕೋರ್ಸ್ ಔಟ್‌ಕಮ್) ಸೇರಿದ್ದೆಂದು ನಮೂದಿಸಿ, ಸಿಒಗಳನ್ನು 'ಪಿಒ'ಗಳಿಗೆ (ಪ್ರೋಗ್ರಾಂ ಔಟ್‌ಕಮ್) 1, 2, 3 ಎಂಬ ಅಂಕಿಗಳಿಂದ ಜೋಡಿಸಿ, ಎಕ್ಸೆಲ್ ಹಾಳೆಯಲ್ಲಿ ಅಟೈನ್‌ಮೆಂಟ್ ಲೆಕ್ಕ ಹಾಕಲಾಗುತ್ತದೆ. ತಲುಪಬೇಕಾದ ಗುರಿಯನ್ನೂ ಜೋಡಣೆಯ ಅಂಕಿಗಳನ್ನೂ ಗೊತ್ತುಮಾಡುವುದು ವಿಭಾಗವೇ. ಆ ಲೆಕ್ಕದ ಮೂಲಧನ ಮತ್ತೆ ಅದೇ ಪರೀಕ್ಷೆಯ ಅಂಕ. ಮೇಲಿನ ಸೂತ್ರದ ಪ್ರಶ್ನೆಗೆ 'ವಿಶ್ಲೇಷಣೆ' ಎಂಬ ಚೀಟಿ ಅಂಟಿಸಿದರೆ ವಿಶ್ಲೇಷಣಾ ಶಕ್ತಿ ಮೂರಕ್ಕೆ ಮೂರು ಬರುತ್ತದೆ. ಅಳತೆಯನ್ನೇ ಗುರಿಯಾಗಿಸಿಕೊಂಡಾಗ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ, ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನ ನಿಯಮ ಇಲ್ಲಿ ಪೂರ್ತಿ ಅನ್ವಯಿಸುತ್ತದೆ. ಪಾಠದ ತಯಾರಿಗೆ ಹೋಗಬೇಕಾದ ಗಂಟೆಗಳು ಕೋರ್ಸ್ ಫೈಲಿಗೆ ಹೋದಾಗ ಮೌಲ್ಯಮಾಪನವೇ ಬೋಧನೆಗೆ ಅಡ್ಡಿಯಾಗುತ್ತದೆ.

ಹಾಗೆಂದು ಬೋಧನೆಯನ್ನು ಅಳೆಯಲಾಗದು ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. 1992ರಲ್ಲಿ ಡೇವಿಡ್ ಹೆಸ್ಟೆನ್ಸ್ ಮತ್ತು ಸಂಗಡಿಗರು ಬಲ ಹಾಗೂ ಚಲನೆಯ ಮೂಲ ಕಲ್ಪನೆಗಳನ್ನು ಸೂತ್ರವಿಲ್ಲದೆ ಪರೀಕ್ಷಿಸುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಕೋರ್ಸಿನ ಮೊದಲ ವಾರದಲ್ಲೂ ಕೊನೆಯಲ್ಲೂ ಅದನ್ನು ಕೊಟ್ಟು, ಏರಲು ಬಾಕಿಯಿದ್ದುದರಲ್ಲಿ ಎಷ್ಟು ಏರಿದರು ಎಂದು ನೋಡಬಹುದು. ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಮಾಹಿತಿ ಒಟ್ಟುಗೂಡಿಸಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಈ ಏರಿಕೆ ಸರಾಸರಿ 0.23, ವಿದ್ಯಾರ್ಥಿಗಳು ತಾವೇ ತೊಡಗುವ ತರಗತಿಗಳಲ್ಲಿ 0.48 ಇತ್ತು. ಪ್ರವೇಶದ ವೇಳೆಯ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯುವುದರಿಂದ, ಒಳ್ಳೆಯ ರ್‍ಯಾಂಕಿನವರನ್ನು ಸೇರಿಸಿಕೊಂಡ ಕಾಲೇಜಿಗೆ ಇಲ್ಲಿ ಪುಕ್ಕಟೆ ಕೀರ್ತಿ ಸಿಗುವುದಿಲ್ಲ. ಮಿತಿಯೂ ಇದೆ: ಕಲ್ಪನೆ ಸ್ಪಷ್ಟವಾಗಿದೆಯೇ ಎಂದು ಇದು ಹೇಳುತ್ತದೆ, ವಿನ್ಯಾಸ ಮಾಡುವ, ಅಂದಾಜು ಕಟ್ಟುವ, ತಪ್ಪು ಹುಡುಕುವ ವಿವೇಚನೆ ಇದರ ಕೈಗೆ ಸಿಗುವುದಿಲ್ಲ.

ಆ ವಿವೇಚನೆ ಕಾಣುವುದು ವಿದ್ಯಾರ್ಥಿಯ ಕೆಲಸದಲ್ಲಿ: ಅವನು ಬರೆದ ಡ್ರಾಯಿಂಗಿನಲ್ಲಿ, ಕೆಟ್ಟ ಸರ್ಕ್ಯೂಟನ್ನು ಹುಡುಕಿದ ಕ್ರಮದಲ್ಲಿ, ಪ್ರಾಜೆಕ್ಟ್ ವೈವಾದಲ್ಲಿ ಅನಿರೀಕ್ಷಿತ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ. ಅದನ್ನು ಓದಬಲ್ಲವರು ಆ ವಿಷಯ ಬಲ್ಲವರೇ. ಹಾಗಾಗಿ ಗುಣಮಟ್ಟದ ತೀರ್ಪು ಮೂರು ಕಡೆಯಿಂದ ಬರಬೇಕು: ಕೆಲವು ವಿದ್ಯಾರ್ಥಿಗಳ ಕೆಲಸವನ್ನು ಆರಿಸಿ ಓದುವ ಹೊರಗಿನ ಅನುಭವಿಗಳಿಂದ, ಅದೇ ವಿದ್ಯಾರ್ಥಿಗಳಿಗೆ ಮುಂದಿನ ಕೋರ್ಸ್ ಕಲಿಸುವ ಅಧ್ಯಾಪಕರಿಂದ, ಪದವಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿದವರಿಂದ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಹೇಗೆ ಕಲಿಸಲಾಯಿತು ಎಂಬುದಕ್ಕೆ ಕಾಂಕ್ರೀಟ್ ಡಿಸೈನ್ ತರಗತಿಗಿಂತ ಒಳ್ಳೆಯ ಸಾಕ್ಷಿ ಸಿಗದು.

ಇದು ವ್ಯಕ್ತಿನಿಷ್ಠ, ಶಿಫಾರಸಿಗೆ ದಾರಿ ಎಂಬ ಆಕ್ಷೇಪ ಸಹಜ. ಆದರೆ ಅಂಕಿಗಳಲ್ಲೂ ತೀರ್ಪು ಅಡಗಿದೆ. ಸಿಒ ಜೋಡಣೆಯ 3 ಎಂಬ ಅಂಕಿಯನ್ನು ಯಾರೋ ಒಬ್ಬರು ನಿರ್ಧರಿಸಿರುತ್ತಾರೆ, ಕಾರಣ ಮಾತ್ರ ಕಾಣದು. ಬಹಿರಂಗವಾಗಿ ಕಾರಣ ಕೊಟ್ಟು ಬರೆದ ತೀರ್ಪನ್ನು ಪ್ರಶ್ನಿಸಬಹುದು, ಮೇಲ್ಮನವಿ ಹಾಕಬಹುದು. ಇನ್ನೊಂದು ಎಚ್ಚರಿಕೆ ಅಗತ್ಯ: ಪಾಠ ಸುಧಾರಿಸಲು ನಡೆಸುವ ಪರಿಶೀಲನೆಯನ್ನು ಬಡ್ತಿ, ಇನ್‌ಕ್ರಿಮೆಂಟಿಗೆ ನೇರವಾಗಿ ಕಟ್ಟಬಾರದು. ಕಟ್ಟಿದ ದಿನವೇ ಅಧ್ಯಾಪಕರು ತಮ್ಮ ದುರ್ಬಲ ವಿದ್ಯಾರ್ಥಿಗಳ ಕೆಲಸವನ್ನು ಮುಚ್ಚಿಡಲು ಆರಂಭಿಸುತ್ತಾರೆ, ಮತ್ತು ಬೋಧನೆಯ ಬಗ್ಗೆ ಹೆಚ್ಚು ಕಲಿಸುವುದು ಆ ಕೆಲಸವೇ. ಎನ್‌ಐಆರ್‌ಎಫ್‌ನ ಅನುಪಾತ, ಪರೀಕ್ಷೆಯ ಅಂಕ, ಫೀಡ್‌ಬ್ಯಾಕ್ ಹಾಳೆಗಳನ್ನು ಎಸೆಯಬೇಕಾಗಿಲ್ಲ. ಎಲ್ಲಿ ನೋಡಬೇಕೆಂದು ತೋರಿಸುವುದಷ್ಟೇ ಅವುಗಳ ಕೆಲಸ. ನೋಡಿ ತೀರ್ಮಾನಿಸುವ ಹೊಣೆ ವಿಷಯ ಬಲ್ಲವರದು, ಅದನ್ನು ಯಾವ ಹಾಳೆಗೂ ವಹಿಸಲಾಗದು.